ಕೆಡವುವ ಮೊದಲೇ ಶುರುವಾದ ಕಟ್ಟುವ ಕೆಲಸ: ವಾರ್ಸಾದ ಅರಮನೆ ಮತ್ತು ಪಕ್ಕದ ಚರ್ಚು

1970ರಲ್ಲಿ ಪೋಲೆಂಡಿನ ರಾಜಧಾನಿ ವಾರ್ಸಾದ ಹಳೇ ಪೇಟೆಗೆ ಹೋದವರಿಗೆ ಒಂದು ಅರ್ಧಂಬರ್ಧ ನೋಟ ಕಾಣುತ್ತಿತ್ತು. ಚೌಕದಲ್ಲಿ ಎತ್ತರದ ಕಂಬ. ಅದರ ತುದಿಯಲ್ಲಿ ಒಂದು ಕೈಯಲ್ಲಿ ಶಿಲುಬೆ, ಇನ್ನೊಂದರಲ್ಲಿ ಕತ್ತಿ ಹಿಡಿದು ನಿಂತ ರಾಜ ಮೂರನೇ ಸಿಗಿಸ್ಮಂಡ್. ಒಂದು ಕಡೆ ಬಣ್ಣಬಣ್ಣದ ಹಳೇ ಶೈಲಿಯ ಮನೆಗಳ ಸಾಲು. ಆ ಬೀದಿಯಲ್ಲಿ ನಾಲ್ಕು ಹೆಜ್ಜೆ ಒಳಗೆ ಹೋದರೆ ಇಟ್ಟಿಗೆಯ ದೊಡ್ಡ ಚರ್ಚು. ಇನ್ನೊಂದು ಕಡೆ ಮಾತ್ರ ಖಾಲಿ. ರಾಜನ ಕಂಬ ಇದೆ, ರಾಜನ ಅರಮನೆ ಇಲ್ಲ. ಅಲ್ಲಿ ಉಳಿದದ್ದು ಒಂದು ತುಂಡು ಗೋಡೆ, ಅದರಲ್ಲೊಂದು ಕಿಟಕಿ. ಸಾಹಿತಿ ಸ್ತೆಫಾನ್ ಜೆರೊಮ್ಸ್ಕಿ ತಮ್ಮ ಕೊನೆಯ ದಿನಗಳಲ್ಲಿ ಅರಮನೆಯಲ್ಲಿ ವಾಸವಿದ್ದರು. 1925ರಲ್ಲಿ ತೀರಿಕೊಂಡದ್ದೂ ಅಲ್ಲೇ. ಆ ಕಿಟಕಿ ಅವರ ಕೋಣೆಯದು.

ಈಗ ಆ ಖಾಲಿ ಜಾಗದಲ್ಲಿ ಗಡಿಯಾರದ ಗೋಪುರ ಹೊತ್ತ, ಐದು ಬದಿಯ ದೊಡ್ಡ ಅರಮನೆ ನಿಂತಿದೆ. ಪೋಲಿಷ್ ಭಾಷೆಯಲ್ಲಿ ಅದನ್ನು 'ಜಾಮೆಕ್' ಅನ್ನುತ್ತಾರೆ, ಅಂದರೆ ಕೋಟೆ. ನೋಡಲು ಹದಿನೇಳನೇ ಶತಮಾನದ್ದು. ಕಟ್ಟಿದ್ದು 1971ರ ನಂತರ. ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಯಲ್ಲಿ ಈ ಹಳೇ ಪೇಟೆಯ ಹೆಸರಿದೆ. ಹೊಸದಾಗಿ ಕಟ್ಟಿದ ಕಟ್ಟಡ ಪರಂಪರೆ ಹೇಗಾಗುತ್ತದೆ? ಈ ಪ್ರಶ್ನೆಗೆ ನನ್ನ ಉತ್ತರ ಕಟ್ಟಡದ ಅಂದದಲ್ಲಿಲ್ಲ. ಕಟ್ಟಡ ಇನ್ನೂ ನೆಲಕ್ಕೆ ಬೀಳುವ ಮೊದಲು ಕೆಲವರು ಮಾಡಿದ ಕೆಲಸದಲ್ಲಿದೆ. ಹಾಗಾಗಿ ಈ ಪ್ರಕರಣವನ್ನು ಅಲ್ಲಿಂದಲೇ ನೋಡಬೇಕು ಅಂತ ನನಗನಿಸುತ್ತದೆ.

ಅರಮನೆಗೂ ಚರ್ಚಿಗೂ ನಡುವಿನ ಓಣಿ

ಮೊದಲು ಈ ಎರಡು ಕಟ್ಟಡಗಳ ನಂಟು ಏನು ಅಂತ ತಿಳಿದಿರಲಿ. ಪೋಲೆಂಡಿನ ಹಳೇ ರಾಜಧಾನಿ ಕ್ರಾಕುವ್. ಅಲ್ಲಿನ ವಾವೆಲ್ ಅರಮನೆಗೆ ಬೆಂಕಿ ಬಿದ್ದ ಮೇಲೆ ಮೂರನೇ ಸಿಗಿಸ್ಮಂಡ್ ತನ್ನ ದರ್ಬಾರನ್ನು ವಾರ್ಸಾಕ್ಕೆ ಸಾಗಿಸತೊಡಗಿದ. 1596ರಲ್ಲಿ ಶುರುವಾದ ಈ ಸಾಗಾಟ 1611ರ ಹೊತ್ತಿಗೆ ಮುಗಿಯಿತು. ಅದೇ ಕಾಲದಲ್ಲಿ ವಾರ್ಸಾದ ಹಳೇ ಕೋಟೆಯನ್ನು ದೊಡ್ಡದು ಮಾಡಿ ಈ ಐದು ಬದಿಯ ಆಕಾರ ಕೊಟ್ಟರು. ಸಂತ ಜಾನರ ಚರ್ಚು ಅದಕ್ಕೂ ಹಳೆಯದು, ಹದಿನಾಲ್ಕನೇ ಶತಮಾನದ್ದು.

1620ರ ನವೆಂಬರ್‌ನಲ್ಲಿ ರಾಜ ಪೂಜೆಗೆಂದು ಆ ಚರ್ಚಿಗೆ ಹೋಗುತ್ತಿದ್ದ. ಬಾಗಿಲ ಬಳಿ ಮಿಖಾವ್ ಪಿಯೆಕಾರ್ಸ್ಕಿ ಎಂಬ ಜಮೀನುದಾರ ಯುದ್ಧದ ಸುತ್ತಿಗೆಯಿಂದ ಹೊಡೆದು ಅವನನ್ನು ಕೊಲ್ಲಲು ನೋಡಿದ. ರಾಜ ಗಾಯಗೊಂಡ, ಆದರೆ ಬದುಕಿದ. ಆಮೇಲೆ ಅರಮನೆಯಿಂದ ಚರ್ಚಿಗೆ ಬೀದಿಗಿಳಿಯದೆ ಹೋಗುವಂತೆ ಒಂದು ಮುಚ್ಚಿದ ಓಣಿ ಕಟ್ಟಿದರು. ಕೊನೆಯ ರಾಜ ಸ್ತಾನಿಸ್ವಾಫ್ ಆಗಸ್ಟ್‌ಗೆ 1764ರಲ್ಲಿ ಪಟ್ಟಾಭಿಷೇಕ ಆದದ್ದು ಇದೇ ಚರ್ಚಿನಲ್ಲಿ. 1791ರ ಮೇ 3ರಂದು ದೇಶದ ಲಿಖಿತ ಸಂವಿಧಾನವನ್ನು ಅಂಗೀಕರಿಸಿದ್ದು ಅರಮನೆಯ ಸೆನೆಟ್ ಸಭಾಂಗಣದಲ್ಲಿ. ಅದೇ ದಿನ ಎಲ್ಲರೂ ಪ್ರಮಾಣ ಮಾಡಲು ನಡೆದು ಹೋದದ್ದು ಈ ಚರ್ಚಿಗೆ. ಯುರೋಪಿನಲ್ಲಿ ಅಂಥ ಆಧುನಿಕ ಸಂವಿಧಾನ ಬಂದದ್ದು ಅದೇ ಮೊದಲು. ಇದಾದ ನಾಲ್ಕೇ ವರ್ಷಕ್ಕೆ ನೆರೆಯ ಮೂರು ಸಾಮ್ರಾಜ್ಯಗಳು ಪೋಲೆಂಡನ್ನು ಪೂರ್ತಿ ಹಂಚಿಕೊಂಡು ನಕ್ಷೆಯಿಂದಲೇ ಅಳಿಸಿದವು. ದೇಶವೇ ಇಲ್ಲದ 123 ವರ್ಷ ಜನ ನೆನಪಿಟ್ಟುಕೊಂಡ ಜಾಗಗಳಲ್ಲಿ ಇವೆರಡೂ ಇದ್ದವು.

ನಾಜಿಗಳಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅರಮನೆ ಅವರ ಗುರಿಯಾಯಿತು.

1939ರಿಂದ 1944: ಐದು ವರ್ಷ ನಿಂತ ಬರಿಗೋಡೆ

1939ರ ಸೆಪ್ಟೆಂಬರ್ 17. ವಾರ್ಸಾಕ್ಕೆ ಮುತ್ತಿಗೆ ಹಾಕಿದ್ದ ಜರ್ಮನ್ ಸೇನೆಯ ಶೆಲ್‌ಗಳು ಅರಮನೆಯ ಮೇಲೆ ಬಿದ್ದವು. ಚಾವಣಿ, ಗೋಪುರಗಳು ಹೊತ್ತಿ ಉರಿದವು. ಗೋಪುರದ ಗಡಿಯಾರ 11 ಗಂಟೆ 15 ನಿಮಿಷಕ್ಕೆ ನಿಂತಿತು. ನೃತ್ಯಶಾಲೆಯ ಚಾವಣಿಯಲ್ಲಿ ಬಾಚ್ಚಾರೆಲ್ಲಿ ಬಿಡಿಸಿದ್ದ ದೊಡ್ಡ ಚಿತ್ರ ಕುಸಿದು ಹೋಯಿತು. ಅರಮನೆಯ ಸಂಗ್ರಹದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಕಾಜಿಮಿಯೆಜ್ ಬ್ರೋಕ್ಲ್ ಆ ದಿನವೇ ಅಲ್ಲೇ ಸತ್ತರು.

ಬೆಂಕಿ ಉರಿಯುತ್ತಿರುವಾಗಲೇ ರಾಷ್ಟ್ರೀಯ ವಸ್ತುಸಂಗ್ರಹಾಲಯದ ನಿರ್ದೇಶಕ ಸ್ತಾನಿಸ್ವಾಫ್ ಲೋರೆಂಟ್ಸ್ ತಮ್ಮ ಸಿಬ್ಬಂದಿಯನ್ನೂ ಸಿಕ್ಕ ಸ್ವಯಂಸೇವಕರನ್ನೂ ಕರೆದುಕೊಂಡು ಬಂದರು. ಚಿತ್ರಗಳು, ಪೀಠೋಪಕರಣಗಳನ್ನು ಹೊರಗೆ ಸಾಗಿಸಿದರು. ಇಷ್ಟನ್ನು ಯಾರಾದರೂ ಮಾಡುತ್ತಾರೆ. ಬೆಲೆಬಾಳುವ ಚಿತ್ರ ಉಳಿಸಬೇಕು ಅಂತ ಎಲ್ಲರಿಗೂ ಅನಿಸುತ್ತದೆ, ಅಲ್ವಾ? ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಮಾಡಿದ್ದು ಬೇರೆಯೇ ಥರದ ಕೆಲಸ.

ಅಕ್ಟೋಬರ್‌ನಲ್ಲಿ ಅರಮನೆಯನ್ನು ಸ್ಫೋಟಿಸಬೇಕು ಅಂತ ಹಿಟ್ಲರ್ ಆಜ್ಞೆ ಹೊರಡಿಸಿದ. ಸುಟ್ಟ ಚಾವಣಿಯನ್ನು ದುರಸ್ತಿ ಮಾಡಲು ಪೋಲೆಂಡಿನವರಿಗೆ ಬಿಡಲಿಲ್ಲ. ಜರ್ಮನ್ ಕಲಾ ಇತಿಹಾಸಕಾರರು ಬಂದು ಮೇಲ್ವಿಚಾರಣೆ ಮಾಡಿದರು. ಅವರ ಕಣ್ಣೆದುರೇ ನೆಲಹಾಸು, ಅಮೃತಶಿಲೆ, ಅಗ್ಗಿಷ್ಟಿಕೆಯ ಚೌಕಟ್ಟು, ಬಾಗಿಲು ಎಲ್ಲವನ್ನೂ ಕಿತ್ತು ಸಾಗಿಸಿದರು. ಕಲೆಯನ್ನು ಓದಿಕೊಂಡವರೇ ನಿಂತು ಕೀಳಿಸಿದರು ಅನ್ನುವುದನ್ನು ಓದಿದಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಆಮೇಲೆ ಸೈನಿಕರು ಬರಿಗೋಡೆಗಳಲ್ಲಿ ಡೈನಮೈಟ್ ಇಡಲು ಸಾಲುಸಾಲಾಗಿ ಸಾವಿರಾರು ತೂತು ಕೊರೆದರು.

ಇದೆಲ್ಲ ನಡೆಯುತ್ತಿರುವಾಗಲೇ ಲೋರೆಂಟ್ಸ್ ಮತ್ತು ಅವರ ಜೊತೆಗಾರರು ಅಲ್ಲಿಂದ ತುಂಡುಗಳನ್ನು ಹೊರಗೆ ತರುತ್ತಿದ್ದರು. ಸಿಕ್ಕಿಬಿದ್ದರೆ ಗುಂಡೇಟು. ತಂದದ್ದೇನು? ಗಾರೆ ಕೆಲಸದ ಒಂದು ಮೂಲೆ. ಮರದ ಹಲಗೆಯ ಒಂದು ಭಾಗ. ನೆಲಹಾಸಿನ ಒಂದು ಚೌಕ. ಕೆತ್ತಿದ ಕಲ್ಲಿನ ಚೂರು. ಮಾರಿದರೆ ಇವಕ್ಕೆ ಹೆಚ್ಚು ಬೆಲೆ ಬರುವುದಿಲ್ಲ. ಸುಮ್ನೆ ನೋಡುವವರಿಗೆ ಅದು ಕಟ್ಟಡದ ಕಸ. ಆದರೆ ಒಂದು ಅಚ್ಚಿನ ಗಾರೆಯ ಒಂದು ಮಾದರಿ ಕೈಲಿದ್ದರೆ ಉಳಿದ ನೂರನ್ನು ಅದೇ ಅಳತೆಗೆ ಮತ್ತೆ ಮಾಡಬಹುದು. ಬಾಗಿಲ ಚೌಕಟ್ಟಿನ ಒಂದು ಅಂಚು ಸಿಕ್ಕರೆ ಅದರ ತಿರುವು, ಬಣ್ಣ, ಚಿನ್ನದ ಲೇಪ ಎಲ್ಲವೂ ಸಿಕ್ಕ ಹಾಗೆ. ಅಂದರೆ ಅವರು ಉಳಿಸಿದ್ದು ವಸ್ತುವನ್ನಲ್ಲ, ಮಾದರಿಯನ್ನು. ದೇಶ ಮತ್ತೆ ಹುಟ್ಟುತ್ತದೋ ಇಲ್ಲವೋ ಗೊತ್ತಿಲ್ಲದ ದಿನಗಳಲ್ಲಿ, ಅರಮನೆ ಇನ್ನೂ ನಿಂತಿರುವಾಗಲೇ, ಅದನ್ನು ಮತ್ತೆ ಕಟ್ಟಲು ಬೇಕಾದ ಸಾಮಾನನ್ನು ಕೂಡಿಸುತ್ತಿದ್ದರು. ಈ ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ತೂತು ಕೊರೆದ ಗೋಡೆಗಳು ಹೆಚ್ಚುಕಡಿಮೆ ಐದು ವರ್ಷ ಹಾಗೇ ನಿಂತಿದ್ದವು. 1944ರ ಆಗಸ್ಟ್ 1ರಂದು ವಾರ್ಸಾ ದಂಗೆ ಎದ್ದಿತು. 63 ದಿನ ನಡೆದ ಆ ಹೋರಾಟದಲ್ಲಿ ಸಂತ ಜಾನರ ಚರ್ಚಿನ ಒಳಗೇ ಕೈ ಕೈ ಮಿಲಾಯಿಸಿ ಕಾದಾಡಿದರು. ಸೆಪ್ಟೆಂಬರ್ ಆರಂಭದಲ್ಲಿ ಹಳೇ ಪೇಟೆ ಜರ್ಮನರ ಕೈಗೆ ಬಿತ್ತು. ಅದೇ ತಿಂಗಳು ಅರಮನೆಯನ್ನು ಸ್ಫೋಟಿಸಿದರು. ಚರ್ಚಿನ ಅಳಿದುಳಿದ ಗೋಡೆಗಳಿಗೂ ಆಮೇಲೆ ಸ್ಫೋಟಕ ಇಟ್ಟರು. ಯುದ್ಧ ಮುಗಿದಾಗ ಹಳೇ ಪೇಟೆಯ ನೂರಕ್ಕೆ 85 ಭಾಗಕ್ಕಿಂತ ಜಾಸ್ತಿ ಮಣ್ಣುಪಾಲಾಗಿತ್ತು.

ನಕ್ಷೆಗಳು ಗೋರಿಯೊಳಗೆ

ತುಂಡುಗಳ ಹಾಗೆಯೇ ಕಾಗದವೂ ಉಳಿಯಿತು. ಯುದ್ಧಕ್ಕೆ ಮೊದಲು ವಾರ್ಸಾ ಪಾಲಿಟೆಕ್ನಿಕ್‌ನ ವಾಸ್ತುಶಿಲ್ಪ ವಿಭಾಗದವರು ಹಳೇ ಪೇಟೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆದಿದ್ದರು. ವಿದ್ಯಾರ್ಥಿಗಳ ಪಾಠದ ಕೆಲಸ ಅದು. ಜರ್ಮನ್ ಆಡಳಿತದಲ್ಲೂ ಈ ಅಳತೆಯ ಕೆಲಸವನ್ನು ಗುಟ್ಟಾಗಿ ಮುಂದುವರಿಸಿದರು. ದಂಗೆ ಸೋತು, ಊರಿನ ಜನರನ್ನೆಲ್ಲ ಹೊರಹಾಕಿ, ಒಂದೊಂದೇ ಬೀದಿಯನ್ನು ಸುಡುತ್ತಿದ್ದಾಗ ಕೆಲವು ತಜ್ಞರಿಗೆ ಊರೊಳಗೆ ಹೋಗಿ ಬರಲು ಪಾಸ್ ಸಿಕ್ಕಿತು. ಅವರಲ್ಲಿ ಪ್ರಾಧ್ಯಾಪಕ ಯಾನ್ ಜಾಖ್ವಾತೊವಿಚ್ ಕೂಡ ಇದ್ದರು. ನಕ್ಷೆಗಳನ್ನು ಊರಾಚೆ ಸಾಗಿಸಿ, ಪಿಯೊತ್ರ್‌ಕುವ್ ಪಟ್ಟಣದ ಸನ್ಯಾಸಿಗಳ ಮಠದಲ್ಲಿ ಗೋರಿಗಳ ಒಳಗೆ ಬಚ್ಚಿಟ್ಟರು. ಯಾವುದೋ ಓಣಿಯಲ್ಲಿ ಟೇಪು ಹಿಡಿದು ಬಾಗಿಲು ಅಳೆದ ಹುಡುಗ ಹುಡುಗಿಯರಿಗೆ ಆ ಹಾಳೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಇದರ ಜೊತೆಗೆ ಇನ್ನೊಂದು ಆಸರೆ: ಬೆರ್ನಾರ್ದೊ ಬೆಲ್ಲೊತ್ತೊನ ಚಿತ್ರಗಳು. ಇಟಲಿಯ ಈ ಕಲಾವಿದ ಸ್ತಾನಿಸ್ವಾಫ್ ಆಗಸ್ಟ್‌ನ ಆಸ್ಥಾನದಲ್ಲಿದ್ದ. 1770ರ ದಶಕದಲ್ಲಿ ವಾರ್ಸಾದ ಬೀದಿ, ಚರ್ಚು, ಅರಮನೆಗಳನ್ನು ಕಿಟಕಿಯ ಸರಳೂ ಎಣಿಸುವಷ್ಟು ವಿವರವಾಗಿ ಬಿಡಿಸಿದ. ಜರ್ಮನರು ಒಯ್ದಿದ್ದ ಆ ಚಿತ್ರಗಳು ಯುದ್ಧದ ನಂತರ ಮರಳಿ ಬಂದವು. ಊರು ಕಟ್ಟುವವರು ಅವನ್ನು ಮುಂದಿಟ್ಟುಕೊಂಡರು. ಇದರಲ್ಲೊಂದು ತೊಡಕೂ ಇತ್ತು. ಬೆಲ್ಲೊತ್ತೊ ಕ್ಯಾಮೆರಾ ಅಲ್ಲ, ಕಲಾವಿದ. ಅಲ್ಲಲ್ಲಿ ತನಗೆ ಚಂದ ಕಂಡಂತೆ ತಿದ್ದಿದ್ದ. ಹಾಗಾಗಿ ಹಳೇ ವಾರ್ಸಾದ ಕೆಲವು ಕಡೆ ಇವತ್ತು ನಿಂತಿರುವುದು ಇದ್ದ ಕಟ್ಟಡವಲ್ಲ, ಅವನು ಕಂಡ ಕಟ್ಟಡ.

ಯಾವ ವರ್ಷಕ್ಕೆ ಮರಳಬೇಕು?

1945ರ ನಂತರ ಈ ಪ್ರಶ್ನೆ ದೊಡ್ಡದಾಗಿ ಎದ್ದಿತು. ಹಳೇ ಕಟ್ಟಡಗಳನ್ನು ಕಾಪಾಡುವವರ ವೃತ್ತಿಧರ್ಮ ಒಂದು ಮಾತು ಹೇಳುತ್ತಿತ್ತು: ಇರುವುದನ್ನು ಉಳಿಸಿ, ಹೋದದ್ದನ್ನು ನಕಲು ಮಾಡಬೇಡಿ. ಮುಂದೆ ಈ ವೃತ್ತಿಯವರು ಸೇರಿ ಒಪ್ಪಿದ 1964ರ ವೆನಿಸ್ ಸನ್ನದು ಇದನ್ನೇ ಬರೆದಿಟ್ಟಿತು. ಬಿದ್ದ ಕಲ್ಲುಗಳನ್ನು ಅವುಗಳ ಜಾಗದಲ್ಲೇ ಮತ್ತೆ ಜೋಡಿಸಬಹುದೇ ಹೊರತು ಹೊಸದಾಗಿ ಕಟ್ಟುವಂತಿಲ್ಲ ಅಂತ. ನಮ್ಮ ಭಾಷೆಯಲ್ಲಿ ಜೀರ್ಣೋದ್ಧಾರ ಅನ್ನುವ ಮಾತಿದೆ. ದೇವಸ್ಥಾನ ಹಳತಾದರೆ ಎತ್ತಿ ಕಟ್ಟುವುದು ಪುಣ್ಯದ ಕೆಲಸ ಅಂತಲೇ ನಾವು ಬೆಳೆದವರು. ಹಾಗಾಗಿ ಆ ಕಟ್ಟುನಿಟ್ಟು ನಮಗೆ ಸ್ವಲ್ಪ ಬಿಗಿ ಅನಿಸಬಹುದು. ಆದರೆ ಅದರ ಹಿಂದೆ ಒಳ್ಳೆಯ ಕಾರಣವಿದೆ. ಜೀರ್ಣೋದ್ಧಾರದ ಹೆಸರಲ್ಲಿ ಹಳೇ ಕಂಬಕ್ಕೆ ಬಣ್ಣ ಬಳಿದು, ಹಳೇ ಗೋಡೆ ಕೆಡವಿ ಟೈಲ್ಸ್ ಹಾಕಿದ್ದನ್ನೂ ನಾವು ನೋಡಿದ್ದೇವೆ.

ಜಾಖ್ವಾತೊವಿಚ್ ಈಗ ದೇಶದ ಸ್ಮಾರಕಗಳ ಮುಖ್ಯ ಸಂರಕ್ಷಕರಾಗಿದ್ದರು. ಮತ್ತೆ ಕಟ್ಟಲೇಬೇಕು ಅನ್ನುವುದು ಅವರ ವಾದ. ಆದರೆ ಅವರು ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ನಾವು ಕಟ್ಟುವುದು ನಿಜವಾದ ಹಳೆಯ ಕಟ್ಟಡವಲ್ಲ, ಸಂರಕ್ಷಣೆಯ ದೃಷ್ಟಿಯಲ್ಲಿ ಇದೊಂದು ಸುಳ್ಳು. ಆ ಸುಳ್ಳಿನ ದುರಂತ ಏನು ಅಂತ ಗೊತ್ತಿದ್ದೇ, ಮುಂದಿನ ಪೀಳಿಗೆಯ ಮೇಲಿನ ಹೊಣೆಯಿಂದ ನಾವಿದನ್ನು ಮಾಡುತ್ತೇವೆ. ಇದು ಅವರ ನಿಲುವು. ಯುದ್ಧದಲ್ಲಿ ತಾನಾಗಿ ಬಿದ್ದದ್ದಲ್ಲ, ಒಂದು ಜನಾಂಗದ ನೆನಪನ್ನೇ ಅಳಿಸಲು ಬೇಕಂತಲೇ ಕೆಡವಿದ್ದು. ಅದನ್ನು ಹಾಗೇ ಬಿಟ್ಟರೆ ಕೆಡವಿದವರ ಇಷ್ಟವೇ ನಡೆದಂತೆ. ನನಗೆ ಈ ವಾದ ಒಪ್ಪಿಗೆ. ಸುಳ್ಳನ್ನು ಸುಳ್ಳು ಅಂತ ಒಪ್ಪಿಕೊಂಡು ಶುರುಮಾಡಿದ್ದೇ ಅದರ ಬಲ.

ಚರ್ಚನ್ನು ಕಟ್ಟಿದವರೂ ಅವರೇ, 1948ರಿಂದ 1956ರವರೆಗೆ. ಇಲ್ಲಿ ಅವರ ತೀರ್ಮಾನ ಸ್ವಲ್ಪ ಅಚ್ಚರಿಯದ್ದು. ಯುದ್ಧಕ್ಕೆ ಮೊದಲು ಚರ್ಚಿನ ಮುಖಭಾಗಕ್ಕೆ ಹತ್ತೊಂಬತ್ತನೇ ಶತಮಾನದ ಅಲಂಕಾರ ಇತ್ತು, ಇಂಗ್ಲೆಂಡಿನ ಗಾಥಿಕ್ ಶೈಲಿಯನ್ನು (ಚೂಪು ಕಮಾನಿನ ಮಧ್ಯಯುಗದ ಶೈಲಿ) ನೋಡಿ ಮಾಡಿದ್ದು. ವಾರ್ಸಾದ ಜನ ಕಂಡಿದ್ದ ಮುಖ ಅದೇ. ಜಾಖ್ವಾತೊವಿಚ್ ಅದನ್ನು ಬಿಟ್ಟು, ಹದಿನೇಳನೇ ಶತಮಾನದ ಆರಂಭದ ಒಂದೆರಡು ಹಳೇ ಚಿತ್ರಗಳ ಆಧಾರದ ಮೇಲೆ ಆ ಸೀಮೆಯ ಇಟ್ಟಿಗೆ ಗಾಥಿಕ್ ಶೈಲಿಯಲ್ಲಿ ಸರಳವಾದ ಮುಖ ಕಟ್ಟಿದರು. ನೋಡಲು ಚಂದವಾಗಿದೆ, ಗಂಭೀರವಾಗಿದೆ. ಆದರೆ 1939ರಲ್ಲಿ ಅಲ್ಲಿ ಪ್ರಾರ್ಥನೆ ಮಾಡಿದ ಅಜ್ಜಿಗೆ ಅದು ಗುರುತು ಸಿಗುತ್ತಿರಲಿಲ್ಲ. ಕಳೆದುಹೋದ ನೆನಪಿಗೆ ಮರಳುತ್ತೇವೆ ಅಂತ ಹೊರಟು, ಬದುಕಿದ್ದ ಯಾರ ನೆನಪಿನಲ್ಲೂ ಇಲ್ಲದ ರೂಪಕ್ಕೆ ಹೋದದ್ದು ತಪ್ಪು ಅಂತಲೇ ನನ್ನ ಅನಿಸಿಕೆ. ಒಂದೆರಡು ಚಿತ್ರ ಸಾಕಷ್ಟು ಆಧಾರವಲ್ಲ.

ಅರಮನೆ ಯಾಕೆ ತಡವಾಯಿತು

ಪೇಟೆಯ ಮನೆಗಳು 1953ರ ಹೊತ್ತಿಗೆ ಎದ್ದವು. ಚರ್ಚೂ ಎದ್ದಿತು. ಅರಮನೆ ಕಟ್ಟಬೇಕು ಅಂತ ಪಾರ್ಲಿಮೆಂಟು 1949ರಲ್ಲೇ ತೀರ್ಮಾನಿಸಿತ್ತು. ಆದರೂ ಇಪ್ಪತ್ತೆರಡು ವರ್ಷ ಕೆಲಸ ಶುರುವಾಗಲಿಲ್ಲ. ಕಾರಣ ಹಣವೊಂದೇ ಅಲ್ಲ. ಕಮ್ಯುನಿಸ್ಟ್ ಸರ್ಕಾರಕ್ಕೆ ಜನರ ಮನೆ ಕಟ್ಟಿದ್ದು ಹೆಮ್ಮೆಯ ವಿಷಯ. ರಾಜರ ಅರಮನೆ ಕಟ್ಟುವುದು ಹಾಗಲ್ಲ. ಪಕ್ಷದ ಮುಖ್ಯಸ್ಥ ಗೊಮುಲ್ಕಾಗೆ ಅದರಲ್ಲಿ ಮನಸ್ಸೇ ಇರಲಿಲ್ಲ.

1970ರ ಡಿಸೆಂಬರ್‌ನಲ್ಲಿ ಬೆಲೆ ಏರಿಕೆ ವಿರುದ್ಧ ಸಮುದ್ರತೀರದ ಊರುಗಳಲ್ಲಿ ಕಾರ್ಮಿಕರು ಬೀದಿಗಿಳಿದರು. ಸೇನೆ ಗುಂಡು ಹಾರಿಸಿತು. ಗೊಮುಲ್ಕಾ ಇಳಿದು ಎಡ್ವರ್ಡ್ ಗಿಯೆರೆಕ್ ಬಂದರು. ಜನರ ಮನಸ್ಸು ಗೆಲ್ಲಬೇಕಿತ್ತು. 1971ರ ಜನವರಿ 20ರಂದು ಅರಮನೆ ಕಟ್ಟುವ ತೀರ್ಮಾನ ಹೊರಬಿತ್ತು. ರಾಜಕೀಯದ ಲೆಕ್ಕಾಚಾರ ಇತ್ತು, ನಿಜ. ಆದರೆ ಜನ ಅದನ್ನು ತಮ್ಮದೇ ಕೆಲಸ ಮಾಡಿಕೊಂಡರು. ಹಣ ಸರ್ಕಾರದ ಬೊಕ್ಕಸಕ್ಕಿಂತ ಜನರ ಕೈಯಿಂದ ಬರಬೇಕು ಅಂತಾಯಿತು. ಚೌಕದಲ್ಲಿ ಕಾಣಿಕೆ ಡಬ್ಬಿ ಇಟ್ಟರು. ಹೊರದೇಶಗಳಲ್ಲಿ ನೆಲೆಸಿದ್ದ ಪೋಲೆಂಡಿನವರೂ ಕಳಿಸಿದರು. ಕಮ್ಯುನಿಸ್ಟರನ್ನು ಕಂಡರಾಗದವರೂ ಅವರಲ್ಲಿ ಬೇಕಾದಷ್ಟಿದ್ದರು. ಜನ ತಾವೇ ಬಂದು ಇಟ್ಟಿಗೆ ಚೂರು, ಮಣ್ಣು ಎತ್ತಿದರು.

ಈಗ ಆ ತುಂಡುಗಳು ಹೊರಗೆ ಬಂದವು. ಮೂವತ್ತು ವರ್ಷ ವಸ್ತುಸಂಗ್ರಹಾಲಯದಲ್ಲಿ ಕಾದಿದ್ದ ಕಲ್ಲಿನ ಚೌಕಟ್ಟು, ಹಲಗೆ, ಗಾರೆ ಎಲ್ಲ. ಹೊಸ ಗೋಡೆಯಲ್ಲಿ ಅವುಗಳ ಮೊದಲಿನ ಜಾಗವನ್ನೇ ಹುಡುಕಿ ಕೂರಿಸಿದರು. ಜೆರೊಮ್ಸ್ಕಿಯ ಕಿಟಕಿಯ ಗೋಡೆಯೂ ಕಟ್ಟಡದೊಳಗೆ ಸೇರಿಕೊಂಡಿತು. ಹಳೆಯ ಕಲ್ಲು ಮಾಸಲು, ಹೊಸದು ನಯ. ಹತ್ತಿರ ನಿಂತು ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗುತ್ತದೆ. ಎಷ್ಟು ಉಳಿಯಿತು, ಎಷ್ಟು ಹೋಯಿತು ಅನ್ನುವ ಲೆಕ್ಕ ಗೋಡೆಯ ಮೇಲೇ ಇದೆ. ನೃತ್ಯಶಾಲೆಯ ಚಾವಣಿಯ ಚಿತ್ರ ಮಾತ್ರ ಪೂರ್ತಿ ಹೊಸದು. ಹಳೇ ಫೋಟೊ ನೋಡಿ ಬಿಡಿಸಿದ್ದು.

1974ರ ಜುಲೈ 19ರಂದು ಗೋಪುರದ ಗಡಿಯಾರಕ್ಕೆ ಚಾಲನೆ ಕೊಟ್ಟರು. ಶುರುಮಾಡಿದ್ದು 11 ಗಂಟೆ 15 ನಿಮಿಷಕ್ಕೆ. ಒಳಾಂಗಣಕ್ಕೆ ಇನ್ನೂ ಹತ್ತು ವರ್ಷ ಹಿಡಿಯಿತು. 1984ರಲ್ಲಿ ಜನರಿಗೆ ಬಾಗಿಲು ತೆರೆಯಿತು. ಆಮೇಲೂ ವಸ್ತುಗಳು ಮನೆಗೆ ಮರಳುತ್ತಲೇ ಇವೆ. 1994ರಲ್ಲಿ ಕರೋಲಿನಾ ಲಾಂಟ್ಸ್ಕೊರೊನ್ಸ್ಕಾ ತಮ್ಮ ಮನೆತನದ ಸಂಗ್ರಹವನ್ನು ಕೊಟ್ಟರು. ಅದರಲ್ಲಿ ಒಂದು ಕಾಲಕ್ಕೆ ಸ್ತಾನಿಸ್ವಾಫ್ ಆಗಸ್ಟ್‌ನದೇ ಆಗಿದ್ದ ರೆಂಬ್ರಾಂಟ್‌ನ ಎರಡು ಚಿತ್ರಗಳಿದ್ದವು. ಪರದೇಶದಲ್ಲಿ ಸತ್ತಿದ್ದ ಆ ರಾಜನ ಅವಶೇಷವನ್ನೂ 1995ರಲ್ಲಿ ಸಂತ ಜಾನರ ಚರ್ಚಿಗೆ ತಂದಿಟ್ಟರು, ಅವನಿಗೆ ಪಟ್ಟ ಕಟ್ಟಿದ್ದ ಅದೇ ಜಾಗಕ್ಕೆ.

ಯುನೆಸ್ಕೊ ಒಪ್ಪಿದ್ದು ಯಾಕೆ, ನಾನು ಎಲ್ಲಿ ತಡೆಯುತ್ತೇನೆ

1980ರಲ್ಲಿ ಯುನೆಸ್ಕೊ ವಾರ್ಸಾದ ಹಳೇ ಕೇಂದ್ರವನ್ನು ಪಟ್ಟಿಗೆ ಸೇರಿಸಿತು. ಹದಿಮೂರನೇ ಶತಮಾನದಿಂದ ಇಪ್ಪತ್ತನೇ ಶತಮಾನದವರೆಗಿನ ಇತಿಹಾಸವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಮರಳಿ ಕಟ್ಟಿದ ಅಪರೂಪದ ಉದಾಹರಣೆ ಅಂತ ಅದು ಗುರುತಿಸಿದ್ದು. ಅಂದರೆ ಹಳೆಯದು ಅನ್ನುವ ಕಾರಣಕ್ಕಲ್ಲ, ಮರಳಿ ಕಟ್ಟಿದ ಕೆಲಸಕ್ಕೇ ಮನ್ನಣೆ. ಮರುನಿರ್ಮಾಣಕ್ಕೆ ಯುನೆಸ್ಕೊ ಇಟ್ಟ ಷರತ್ತು ಕಠಿಣ. ಮೂಲದ ಬಗ್ಗೆ ಪೂರ್ತಿ, ವಿವರವಾದ ದಾಖಲೆ ಇರಬೇಕು. ಊಹೆಗೆ ಜಾಗವೇ ಇಲ್ಲ. ಆ ಗಜಕಡ್ಡಿಯಲ್ಲಿ ಅಳೆದರೆ ಅರಮನೆ ಬಹುಮಟ್ಟಿಗೆ ಗೆಲ್ಲುತ್ತದೆ. ಚರ್ಚಿನ ಮುಖ ಗೆಲ್ಲುವುದಿಲ್ಲ. 2011ರಲ್ಲಿ ಊರು ಕಟ್ಟಿದ ಕಚೇರಿಯ ಕಾಗದಪತ್ರಗಳೂ ಯುನೆಸ್ಕೊದ 'ವಿಶ್ವದ ನೆನಪು' ಪಟ್ಟಿ ಸೇರಿದವು. ಇದು ನನಗೆ ತುಂಬ ಸರಿ ಅನಿಸಿತು. ಕಲ್ಲಿಗಿಂತ ಮೊದಲು ಆ ಹಾಳೆಗಳಿಗೇ ಗೌರವ ಸಲ್ಲಬೇಕಿತ್ತು.

ಆದರೆ ಎರಡು ವಿಷಯ ಹೇಳದೆ ಬಿಟ್ಟರೆ ಈ ಪ್ರಕರಣ ಪೂರ್ತಿಯಾಗುವುದಿಲ್ಲ. ಒಂದು, ಇಟ್ಟಿಗೆ. ವಾರ್ಸಾ ಕಟ್ಟಲು ಯುದ್ಧದ ನಂತರ ಪೋಲೆಂಡಿಗೆ ಸೇರಿದ ಪಶ್ಚಿಮದ ಊರುಗಳಿಂದ ಇಟ್ಟಿಗೆ ತಂದರು. ವ್ರೊತ್ಸ್ವಾಫ್‌ನಂಥ ಊರುಗಳ ಹಳೇ ಕಟ್ಟಡಗಳನ್ನು ಅದಕ್ಕಾಗಿ ಬಿಚ್ಚಿದರು. ಒಂದು ಊರಿನ ಪರಂಪರೆಗೆ ಇನ್ನೊಂದು ಊರು ಬೆಲೆ ತೆತ್ತಿತು.

ಇನ್ನೊಂದು ಇದಕ್ಕಿಂತ ಭಾರವಾದದ್ದು. ಯುದ್ಧಕ್ಕೆ ಮೊದಲು ವಾರ್ಸಾದ ಜನರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಯಹೂದಿಗಳು. ಅವರ ದೊಡ್ಡ ಪ್ರಾರ್ಥನಾ ಮಂದಿರವನ್ನು, ಅಂದರೆ ಸಿನಗಾಗನ್ನು, 1943ರ ಮೇ 16ರಂದು ನಾಜಿಗಳು ಸ್ಫೋಟಿಸಿದರು. ಅದನ್ನು ಯಾರೂ ಮತ್ತೆ ಕಟ್ಟಲಿಲ್ಲ. ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೊದ ಜಾಗದಲ್ಲಿ, ಅದರ ಅವಶೇಷದ ದಿಬ್ಬಗಳ ಮೇಲೇ, ಮುರಾನುವ್ ಎಂಬ ಹೊಸ ಬಡಾವಣೆ ಎದ್ದಿತು. ಅಲ್ಲಿನ ಮನೆಗಳ ಇಟ್ಟಿಗೆಯಲ್ಲೂ ಆ ಅವಶೇಷದ ಪುಡಿ ಇದೆ. ಅರಮನೆಗೂ ಚರ್ಚಿಗೂ ಕಾದು ಕೂತವರಿದ್ದರು, ದುಡ್ಡು ಹಾಕಿದವರಿದ್ದರು. ಸಿನಗಾಗಿಗೆ ಕಾಯಬೇಕಾದವರನ್ನು ಕೊಂದುಬಿಟ್ಟಿದ್ದರು. ಯಾವುದನ್ನು ಮರಳಿ ಕಟ್ಟುತ್ತಾರೆ ಅನ್ನುವುದು ಯಾರು ಬದುಕುಳಿದಿದ್ದಾರೆ ಅನ್ನುವುದರ ಮೇಲೆ ನಿಂತಿರುತ್ತದೆ. ಅರಮನೆಯ ಬಗ್ಗೆ ಎಷ್ಟೇ ಅಭಿಮಾನದಿಂದ ಬರೆದರೂ ಈ ಮಾತು ನನ್ನನ್ನು ಬಿಡುವುದಿಲ್ಲ.

ಅಲ್ಲಿಗೆ ಹೋಗುವವರಿಗೆ ಒಂದೇ ಒಂದು ಮಾತು. ಟಿಕೆಟ್ ತಗೊಂಡು ಒಳಗೆ ಹೋಗುವ ಮೊದಲು ಅರಮನೆಯ ದಕ್ಷಿಣದ ಗೋಡೆ ಬದಿಗೆ ಹೋಗಿ. ಚೌಕದಲ್ಲಿ ಈಗ ನಿಂತಿರುವ ಸಿಗಿಸ್ಮಂಡನ ಕಂಬ 1949ರಲ್ಲಿ ಹೊಸ ಗ್ರಾನೈಟಿನಿಂದ ಮಾಡಿ ಎತ್ತಿದ್ದು. ರಾಜನ ಪ್ರತಿಮೆ ಮಾತ್ರ 1644ರದ್ದೇ. ಮೊದಲ ಕಂಬವೂ, ಹತ್ತೊಂಬತ್ತನೇ ಶತಮಾನದಲ್ಲಿ ಅದರ ಬದಲಿಗೆ ನಿಲ್ಲಿಸಿ 1944ರಲ್ಲಿ ಉರುಳಿದ ಎರಡನೇ ಕಂಬವೂ ಅಲ್ಲಿ ಹುಲ್ಲಿನ ಮೇಲೆ ಮಲಗಿವೆ. ಅವನ್ನು ಯಾರೂ ಜೋಡಿಸಲಿಲ್ಲ, ಎಸೆಯಲೂ ಇಲ್ಲ. ಮಕ್ಕಳು ಹತ್ತಿರ ಹೋಗಿ ಕೈಯಿಂದ ಮುಟ್ಟಿ ನೋಡಬಹುದು.